ಬ್ರೇಕ್ ಮೇಸ್ತ್ರಿಯ ಪೆರು ಪ್ರವಾಸ

ನೆಮ್ಮದಿಯಾಗಿ ಪ್ರಯಾಣ ಮಾಡುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಬಹ್ರೈನಿನ ಟುಬ್ಲಿಯ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ರೇಕ್ ರಿಪೇರಿ ಮಾಡುವವನು ನಾನು. ಯಾವ ಗಾಡಿ ಹತ್ತಿದರೂ ಕಿವಿ ಚಕ್ರದ ಹತ್ತಿರವೇ ಇರುತ್ತದೆ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಪೆರು ದೇಶದ ಮಾಚು ಪಿಚು ನೋಡಲೇಬೇಕೆಂದು ಹಟ ಹಿಡಿದ ಹೆಂಡತಿ, ಹೊರಡುವ ಮೊದಲೇ ಷರತ್ತು ಹಾಕಿದಳು: "ಗಾಡಿಯ ವಿಷಯದಲ್ಲಿ ನೀವು ಬಾಯಿ ಬಿಡ್ಲಿಕ್ಕಿಲ್ಲ."

ಮೆಟ್ಟಿಲಿನ ತಾಲೀಮು

ಅಲ್ಲಿ ಎತ್ತರ ಜಾಸ್ತಿ, ಉಸಿರು ಕಟ್ಟುತ್ತದೆ ಎಂದು ಯಾರೋ ಹೆದರಿಸಿದರು. ಬಹ್ರೈನ್ ಎಂದರೆ ದೋಸೆಕಾವಲಿಯಷ್ಟು ಸಪಾಟು. ಹತ್ತಿ ಅಭ್ಯಾಸ ಮಾಡಲು ಗುಡ್ಡ ಎಲ್ಲಿಂದ ತರಲಿ? ಜುಫೈರಿನ ನಮ್ಮ ಬಿಲ್ಡಿಂಗಿನ ಹದಿನಾಲ್ಕು ಮಾಳಿಗೆಯನ್ನೇ ದಿನಾ ಸಂಜೆ ಹತ್ತತೊಡಗಿದೆ. ಮೂರನೇ ದಿನ ನೋಡಿದರೆ ಮೆಟ್ಟಿಲಲ್ಲಿ ನೂಕುನುಗ್ಗಲು. ಏದುಸಿರು ಬಿಡುತ್ತಿದ್ದ ವಾಚ್‌ಮನ್ ನನಗೆ ಕೈಮುಗಿದ.

"ಭಾಯ್‌ಸಾಬ್, ಏಕ್ ಬಾರ್ ಸಬ್ ಕೇ ಸಾಮ್ನೆ ಲಿಫ್ಟ್ ಮೇ ಜಾವೋ. ಬ್ರೇಕ್‌ವಾಲಾ ಭೀ ಡರ್ತಾ ಹೈ ಬೋಲ್ಕೆ ಕೋಯೀ ಲಿಫ್ಟ್ ಮೇ ನಹೀ ಚಢ್ತಾ!" ಬ್ರೇಕಿನವನೇ ಹೆದರುತ್ತಾನೆಂದು ಯಾರೂ ಲಿಫ್ಟ್ ಹತ್ತುತ್ತಿಲ್ಲವಂತೆ, ಒಮ್ಮೆ ಎಲ್ಲರೆದುರು ನಾನು ಅದರಲ್ಲಿ ಹೋಗಬೇಕಂತೆ.

ಲೀಮಾದ ಟ್ಯಾಕ್ಸಿ

ಲೀಮಾ ಪಟ್ಟಣದಲ್ಲಿ ಟ್ಯಾಕ್ಸಿಯ ಮುಂದಿನ ಸೀಟಲ್ಲಿ ಕೂತೆ. ಡ್ರೈವರ್ ಎರಡು ಬಸ್ಸುಗಳ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ನುಗ್ಗಿಸುತ್ತಿದ್ದ. ಮಾತು ಕೊಟ್ಟಾಗಿದೆ, ಬಾಯಿ ಬಿಡುವಂತಿಲ್ಲ. ಬಲಗಾಲು ಮಾತ್ರ ಕೇಳಲಿಲ್ಲ, ಇಲ್ಲದ ಬ್ರೇಕನ್ನು ದಬದಬ ಒತ್ತುತ್ತಲೇ ಇತ್ತು. ಡ್ರೈವರ್ ಎರಡು ಸಲ ನನ್ನ ಕಾಲು ನೋಡಿದ, ಮರುಕದಿಂದ ತಲೆಯಾಡಿಸಿದ, ಗಾಡಿ ತಿರುಗಿಸಿ ಒಂದು ಕಡೆ ನಿಲ್ಲಿಸಿದ. ಇಳಿದು ನೋಡಿದರೆ ಎದುರಿಗೆ ಆಸ್ಪತ್ರೆ.

ಇಳಿಜಾರು

ಮಾಚು ಪಿಚುವಿನ ರೈಲು ಹಿಡಿಯಲು ಕುಸ್ಕೋ ಊರಿನಿಂದ ಪುಟ್ಟ ಬಸ್ಸು ಹತ್ತಿದೆವು. ಟಿಕೆಟ್ ಆ ಒಂದು ದಿನದ್ದು. ರೈಲು ತಪ್ಪಿದರೆ ಹೆಂಡತಿಯ ಆಸೆಗೆ ಎಳ್ಳುನೀರೇ. ಬೆಟ್ಟದ ಇಳಿಜಾರಿನಲ್ಲಿ ಹಿಂದಿನ ಚಕ್ರ ಕೀಂಯ್ ಎಂದಿತು. ಪಕ್ಕದಲ್ಲಿ ಪ್ರಪಾತ. ಹತ್ತು ತಿರುವು ಹಲ್ಲು ಕಚ್ಚಿ ಕೂತೆ. ಹನ್ನೊಂದನೆಯದಕ್ಕೆ "ನಿಲ್ಸೀ!" ಎಂದು ಕನ್ನಡದಲ್ಲೇ ಕಿರುಚಿಬಿಟ್ಟೆ.

ಬಸ್ಸು ನಿಂತಿತು. ಹೆಂಡತಿ ನನ್ನ ಮುಖ ನೋಡಲಿಲ್ಲ, ವಾಚು ನೋಡಿದಳು. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಹೋಗಲಿಲ್ಲ. ಬಸ್ಸಿನಡಿ ತೂರಿ ಟಾರ್ಚ್ ಹಾಕಿ ನೋಡಿದೆ. ಬ್ರೇಕಿಗೆ ಏನೂ ಆಗಿರಲಿಲ್ಲ, ಧೂಳು ಸಿಕ್ಕಿ ಕಿರುಗುಟ್ಟುತ್ತಿತ್ತು, ಅಷ್ಟೇ. ಹೊರಬಂದು, ಮೊಬೈಲಿನ ಅನುವಾದದ ಸಹಾಯದಿಂದ, "ಬ್ರೇಕ್ ಫಸ್ಟ್ ಕ್ಲಾಸ್" ಎಂದು ಡ್ರೈವರಿಗೆ ಹೇಳಿದೆ. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ನನ್ನನ್ನು ಅಪ್ಪಿಕೊಂಡು, ಅದೇ ಮೊಬೈಲಿಗೆ ಏನೋ ಹೇಳಿದ. ಅದು ಇಡೀ ಬಸ್ಸಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಒದರಿತು: "ದೇವರು ದೊಡ್ಡವನು! ಸೋಮವಾರದಿಂದ ನನಗೂ ಅದೇ ಭಯ ಇತ್ತು!"

ಮರುಕ್ಷಣ ಬಸ್ಸು ಖಾಲಿ. ಎಲ್ಲರಿಗಿಂತ ಮೊದಲು ಇಳಿದವಳು ನನ್ನ ಹೆಂಡತಿ. ಕೊನೇ ನಿಮಿಷದಲ್ಲಿ ರೈಲು ಸಿಕ್ಕಿತು, ಆ ಮಾತು ಬೇರೆ. ಬಸ್ಸು ಖಾಲಿಯಾದ ಆ ಹೊತ್ತಿನಲ್ಲಿ ಮಾತ್ರ ರಸ್ತೆಬದಿಯಲ್ಲಿ ನಿಂತು ಅಂಗಲಾಚಿದವನು ನಾನು.

"ಹತ್ತು ಮಾರಾಯ್ತಿ, ರೈಲು ಹೋಗ್ತದೆ! ಬ್ರೇಕ್ ಸರಿ ಉಂಟು, ನಾನೇ ಕಣ್ಣಾರೆ ನೋಡಿದ್ದೇನೆ!"

"ನೀವು ನೋಡಿದ್ದು ಬ್ರೇಕು. ನಾನು ನೋಡಿದ್ದು ಡ್ರೈವರಿನ ಮುಖ."