ವನಜಾ ಲಾಟು

ಸಿಟ್ಟು ಬರಲು ದೊಡ್ಡ ಕಾರಣಗಳು ಬೇಕು ಎನ್ನುವವರು ಬಟ್ಟೆ ಅಂಗಡಿಯ ಪರದೆಯ ಹಿಂದೆ, ಒಂದು ಕಾಲನ್ನು ಪ್ಯಾಂಟಿನೊಳಗೂ ಇನ್ನೊಂದನ್ನು ಹೊರಗೂ ಇಟ್ಟುಕೊಂಡು ನಿಂತವರಲ್ಲ. ನಾನು ನಿಂತಿದ್ದೇನೆ. ಸ್ವಭಾವದಿಂದ ನಾನು ಜಗಳಗಂಟಿಯಲ್ಲ. ಬಸ್ಸಿನಲ್ಲಿ ನಾನು ಕೂರಬೇಕೆಂದಿದ್ದ ಜಾಗದ ಮೇಲೆ ಯಾರಾದರೂ ಟವೆಲು ಹಾಕಿದ್ದರೆ ನಿಂತೇ ಹೋಗುತ್ತೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಲೋಟದಲ್ಲಿ ಬೇರೆಯವರು ಚಹಾ ಕುಡಿದಿಟ್ಟಿದ್ದರೆ ತೊಳೆದುಕೊಂಡು ಕುಡಿಯುತ್ತೇನೆ. ಆದರೆ ಪ್ಯಾಂಟಿನ ವಿಷಯದಲ್ಲಿ ಮಾತ್ರ ನನ್ನನ್ನು ಯಾರೂ ಸಮಾಧಾನಪಡಿಸಲು ಬರಬೇಡಿ. ಬಂದವರ ಮೇಲೂ ಸಿಟ್ಟು ಬರುತ್ತದೆ.

ಇದಕ್ಕೆ ಕಾರಣ ನಾನು ಇರುವ ಊರು. ಮನೆ ಮಡಕಶಿರದ ಕಡೆಯದಾದರೂ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳಿಕೊಡಲು ನಾನು ಬಂದು ಬಿದ್ದದ್ದು ರಾಯದುರ್ಗದಲ್ಲಿ. ಇಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಬೀದಿ ಹುಡುಕಿದರೂ ಸಿಗದು. ಗುಮ್ಮಘಟ್ಟದ ಕಡೆಯಿಂದ ಕುರಿ ಬಿಟ್ಟು ಬಂದವರು, ಗಣಿ ನಿಂತ ಮೇಲೆ ಓಬಳಾಪುರದಿಂದ ಬಂದವರು, ಎಲ್ಲರೂ ಇಲ್ಲಿ ಮಷಿನ್ನಿನ ಮುಂದೆ ಕೂತಿದ್ದಾರೆ. ಶೇರ್ ಆಟೋದಲ್ಲಿ ಜನರಿಗಿಂತ ಮೊದಲು ಪ್ಯಾಂಟಿನ ಗಂಟುಗಳು ಹತ್ತಿ ಕೂರುತ್ತವೆ. ಚರಂಡಿಯ ನೀರು ನೀಲಿ. ಒಮ್ಮೆ ನನ್ನ ಮೊಸರನ್ನದಲ್ಲಿ ಕರಿಬೇವೆಂದು ಎಳೆದದ್ದು ನೀಲಿ ದಾರವಾಗಿತ್ತು. ಈ ಊರಿನ ಪ್ಯಾಂಟು ದೇಶವನ್ನೆಲ್ಲ ಸುತ್ತಿ ಬರುತ್ತದಂತೆ. ಸುತ್ತಲಿ, ಸಂತೋಷ. ಅದರಲ್ಲಿ ಒಂದಾದರೂ ನನಗೆ ಆಗುತ್ತದೆಯೇ? ಇಲ್ಲ. ಸೊಂಟಕ್ಕೆ ಸರಿಯಾದದ್ದು ತೊಡೆಯ ಹತ್ತಿರವೇ ಚೆಕ್‌ಪೋಸ್ಟಿನ ಲಾರಿಯ ಹಾಗೆ ನಿಂತುಬಿಡುತ್ತದೆ. ತೊಡೆಗೆ ಸರಿಯಾದದ್ದರ ಸೊಂಟದಲ್ಲಿ ಇನ್ನೊಬ್ಬಳು ಬಾಡಿಗೆಗೆ ಇರಬಹುದು. ಕೂತರೆ ಹಿಂದುಗಡೆ ಬಾಯಿ ತೆರೆಯುತ್ತದೆ. ಅದಕ್ಕೇ ನಾನು ಮೊಣಕಾಲಿನವರೆಗೆ ಕುರ್ತಾ ಹಾಕಿಕೊಂಡು, ಕಪ್ಪುಹಲಗೆಯ ಮೇಲೆ ಬರೆಯಲು ಕೈ ಎತ್ತುವಾಗಲೆಲ್ಲ ಇನ್ನೊಂದು ಕೈಯಿಂದ ಅದನ್ನು ಕೆಳಗೆ ಎಳೆದು ಹಿಡಿದುಕೊಂಡು ಪಾಠ ಮಾಡಿದವಳು.

ಅಂಗಡಿಯವರ ಉತ್ತರ ಕೇಳಬೇಕು. ಒಬ್ಬ, "ಬೆಲ್ಟ್ ಹಾಕ್ಕೊಳ್ರಿ," ಎಂದ. ಇನ್ನೊಬ್ಬ, "ಹಾಕ್ತಾ ಹಾಕ್ತಾ ಬಿಡ್ತೈತ್ರಿ," ಎಂದ. ಬಿಡಬೇಕಾದದ್ದು ಯಾವುದು, ಬಟ್ಟೆಯೋ ಉಸಿರೋ ಎಂದು ಹೇಳಲಿಲ್ಲ. ಮೂರನೆಯವನು ನನ್ನನ್ನು ನೋಡದೆ ಗೋಡೆಯನ್ನು ನೋಡುತ್ತ, "ಪ್ಯಾಂಟ್ ಕರೆಕ್ಟ್ ಐತ್ರಿ ಮೇಡಂ. ನಿಮ್ಮ ಬಾಡಿ ಸ್ವಲ್ಪ ಬ್ಯಾರೆ ಐತಿ," ಎಂದ. ಆ ಮಾತು ನನಗೆ ನಾಟಿತು. ಹೇಳಬಾರದು, ಆದರೂ ಹೇಳುತ್ತೇನೆ: ನಾನದನ್ನು ನಂಬಿದೆ. ಊರು ತುಂಬ ಪ್ಯಾಂಟುಗಳು ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ. ಲೆಕ್ಕದ ಪ್ರಕಾರ ತಪ್ಪು ಯಾರ ಕಡೆ ಇರಬೇಕು?

ದರ್ಜಿಯ ಹತ್ತಿರ ಅಳತೆ ಕೊಡಬಹುದಲ್ಲ ಎನ್ನುತ್ತೀರಿ. ಕೊಡಲು ಹೋದೆ. ಬಜಾರಿನ ಲೇಡೀಸ್ ಟೈಲರ್ ಟೇಪು ಹಿಡಿದು, ನನ್ನ ಮುಂದಿದ್ದ ಹೆಂಗಸಿನ ಒಂದೊಂದು ಅಳತೆಯನ್ನೂ ಒಳಗೆ ಬರೆದುಕೊಳ್ಳುವವನಿಗೆ ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದ, ತೆಲುಗಿನಲ್ಲಿ ಹೇಳಿದರೆ ಗುಟ್ಟು ಉಳಿಯುತ್ತದೆ ಎಂಬಂತೆ. ಆಂಧ್ರಕ್ಕೆ ಸೇರಿದ ಈ ಊರಿನಲ್ಲಿ ತೆಲುಗು ಬಾರದವರು ಯಾರು? ಎದುರಿನ ಹೂವಿನಂಗಡಿಯವನಿಗೂ ಆಕೆಯ ಸೊಂಟ, ದರ್ಜಿಗಳು ಸೀಟು ಎನ್ನುವ ಹಿಂಭಾಗ, ಎಲ್ಲ ತಿಳಿದುಹೋಯಿತು. ನನ್ನ ಸರದಿ ಬರುವ ಮೊದಲೇ ನಾನು ಎದ್ದು ಬಂದೆ. ನನ್ನ ದೇಹದ ಅಂಕಿಗಳು ನನ್ನವು. ಅವನ್ನು ಯಾರಿಗೂ ಹೇಳದೆ, ನನ್ನ ಪ್ಯಾಂಟನ್ನು ನಾನೇ ಗೀಟೆಳೆದು ನಾನೇ ಹೊಲಿದುಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ.

ಕಲಿಸುವವರಿಗೇನು ಬರ, ಪ್ಯಾಂಟಿನ ಊರಲ್ಲವೇ ಇದು ಎಂದುಕೊಂಡು ಮನೆಯೊಡತಿ ಗೌರಕ್ಕನ ಹತ್ತಿರ ಹೋದೆ. ನಾನು ಮಾಳಿಗೆಯ ಕೋಣೆಯಲ್ಲಿರುವುದು. ಕೆಳಗೆ ಅವರ ಮಷಿನ್ನು ನಾನು ಬಂದಾಗಿನಿಂದ ನಿಂತದ್ದೇ ಇಲ್ಲ.

"ಗೌರಕ್ಕಾ, ಒಂದು ಪ್ಯಾಂಟು ಹೊಲಿಯೋದು ಹೇಳಿಕೊಡ್ತೀರಾ?"

ಗೌರಕ್ಕ ಗಾಬರಿಯಾದರು. "ಪ್ಯಾಂಟಾ? ನನಗೆಲ್ಲಿ ಬರ್ತೈತ್ರಿ ಮೇಡಂ? ನಾ ಹಿಂದಿನ ಜೇಬು."

"ಇಷ್ಟು ವರ್ಷದಿಂದ ಹೊಲೀತಿದ್ದೀರಲ್ಲ!"

"ಹೌದ್ರಿ, ಜೇಬು. ನಮ್ಮ ನಾದಿನಿ ಜಿಪ್ಪು. ಎದುರು ಮನಿಯವ್ರು ಸೊಂಟದ ಪಟ್ಟಿ. ಮೂಲಿ ಮನಿ ಅಜ್ಜಿ ಬೆಲ್ಟಿನ ಲೂಪು. ಎಲ್ಲಾರೂ ಕೂಡಿದ್ರ ಪ್ಯಾಂಟು. ಒಬ್ಬರನ್ನ ಹಿಡಕಂಡು ಪ್ಯಾಂಟು ಕೊಡು ಅಂದ್ರ ಹ್ಯಾಂಗ್ರಿ?"

ಆ ಬೀದಿಯಲ್ಲಿ ಒಂದು ಇಡೀ ಪ್ಯಾಂಟು ಬಲ್ಲವರು ಒಬ್ಬರೂ ಇರಲಿಲ್ಲ. ತುಂಡು ತುಂಡಾಗಿ ಬರುತ್ತದೆ, ತಮ್ಮ ಪಾಲಿನದು ಹೊಲಿಯುತ್ತಾರೆ, ಮುಂದಿನ ಮನೆಗೆ ದಾಟಿಸುತ್ತಾರೆ. ಅದರ ಮೇಲೇ ಸಂಬಂಧಗಳೂ ಕೂಡುತ್ತವೆ. "ಹುಡುಗಿ ಜಿಪ್ಪು, ಹುಡುಗ ಪಟ್ಟಿ. ಭಾಳ ಚೊಲೊ ಜೋಡಿ ನೋಡ್ರಿ," ಎಂದು ಗೌರಕ್ಕ ಒಮ್ಮೆ ಯಾರದೋ ಮದುವೆಯ ಬಗ್ಗೆ ಹೇಳಿದಾಗ ನಾನು ಸುಮ್ಮನೆ ತಲೆಯಾಡಿಸಿದ್ದೆ. ಅರ್ಥವಾದದ್ದು ಈಗ. ಇಂಥವರ ನಡುವೆ ಬೀಜಗಣಿತ ಬಲ್ಲ ನಾನು ಇದ್ದೇನಲ್ಲ, ಪ್ಯಾಂಟು ಎಂದರೇನು, ನಾಲ್ಕು ತುಂಡು, ಎರಡು ಬಾಗು, ಎಂದು ಎದೆಯುಬ್ಬಿಸಿದೆ. ಗಣಿತದವರು ಕೆಡುವುದೇ ಇಲ್ಲಿ.

ಕೋಣೆಯ ಚಿಲಕ ಹಾಕಿ, ಕಿಟಕಿಗೆ ಹೊದಿಕೆ ಕಟ್ಟಿ, ಟೇಪು ಹಿಡಿದೆ. ತನ್ನ ಹಿಂಭಾಗವನ್ನು ತಾನೇ ಅಳೆಯುವುದೆಂದರೆ ಬೆಕ್ಕು ಬಾಲ ಹಿಡಿಯಲು ಹೋದ ಹಾಗೆ. ಅಂಕಿ ನೋಡಲು ಕತ್ತು ತಿರುಗಿಸಿದರೆ ಸೊಂಟವೂ ತಿರುಗುತ್ತದೆ, ಸೊಂಟ ತಿರುಗಿದರೆ ಟೇಪು ಜಾರುತ್ತದೆ. ಕಂದು ಕಾಗದದ ಮೇಲೆ ಗೀಟು ಎಳೆದು ರಜೆಗೆ ಮಡಕಶಿರಕ್ಕೆ ಒಯ್ದೆ. ಅಮ್ಮನ ಹಳೆಯ ತುಳಿಯುವ ಮಷಿನ್ನು ಅಲ್ಲಿತ್ತು. ನಮ್ಮದು ರೇಷ್ಮೆ ಸಾಕುವ ಮನೆ. ಹುಳುಗಳು ನಾಲ್ಕನೆಯ ಜ್ವರ ಮುಗಿಸಿ, ಅಂದರೆ ಪೊರೆ ಬಿಟ್ಟು, ಎದ್ದಿದ್ದವು. ಆಗ ಅವು ಮಳೆ ಸುರಿದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತವೆ, ಮನೆಯೆಲ್ಲ ಅವುಗಳದೇ.

"ಹುಳ ಜ್ವರ ಎದ್ದವೆ ಕಣೇ, ನಡುಮನೇಲಿ ನಿನ್ನ ಮಷಿನ್ನು ಬೇಡ. ಕೊಟ್ಟಿಗೇಲಿ ಹಾಕ್ಕೋ," ಎಂದರು ಅಮ್ಮ. ಆಮೇಲೆ ಸೊಪ್ಪು ಹಾಕುತ್ತಲೇ, "ಎಮ್ಮೆಸ್ಸಿ ಓದಿ ಪ್ಯಾಂಟ್ ಹೊಲೀತೀಯಾ? ಆ ಊರಲ್ಲಿ ಸಿಗೋದೇ ಅದೊಂದು ಅಂತಿದ್ದೆ?"

"ನನಗೆ ಆಗೋದು ಸಿಗಲ್ಲಮ್ಮ."

"ಸೀರೆ ಉಟ್ಕೋ. ಅದು ಯಾರ್ಗೂ ಆಗಲ್ಲ ಅಂದಿದ್ದಿಲ್ಲ."

ಹಳೆಯ ಹಾಸಿಗೆ ಹೊದಿಕೆಯಲ್ಲಿ ಮೊದಲನೆಯದನ್ನು ಹೊಲಿದೆ. ಅದರಲ್ಲಿ ನಿಲ್ಲಬಹುದಿತ್ತು, ಕೂರಲಾಗುತ್ತಿರಲಿಲ್ಲ. ಬಿಚ್ಚಿ ತಿದ್ದಿದೆ. ಎರಡನೆಯದರಲ್ಲಿ ಕೂರಬಹುದಿತ್ತು, ನಿಂತರೆ ಹಿಂದೆ ಜೋಳಿಗೆ. ಹಸು ಮೆಲುಕು ಹಾಕುತ್ತ ನೋಡುತ್ತಿತ್ತು. ಆಮೇಲೆ ಹೊಳೆಯಿತು: ಅಂಗಡಿಯ ಪ್ಯಾಂಟುಗಳಲ್ಲಿ ಹಿಂಭಾಗದ ತುಂಡು ಮುಂಭಾಗಕ್ಕಿಂತ ಹೆಚ್ಚು ಎತ್ತರವೇ ಇರುವುದಿಲ್ಲ. ಮನುಷ್ಯರು ಕೂರುತ್ತಾರೆ, ಬಗ್ಗುತ್ತಾರೆ ಎಂಬ ಸುದ್ದಿ ಗೀಟು ಎಳೆದವರಿಗೆ ತಲುಪಿಲ್ಲ. ಗಂಡಸಿನ ಪ್ಯಾಂಟಿನ ಗೀಟನ್ನೇ ಸ್ವಲ್ಪ ಕುಗ್ಗಿಸಿ ಹೆಂಗಸರದ್ದು ಎಂದು ಕರೆದಿದ್ದಾರೆ. ಹಿಂದಿನ ಎತ್ತರ ಏರಿಸಿ, ಎರಡು ಕಾಲು ಸೇರುವ ಬಾಗನ್ನು ಆಳ ಮಾಡಿ, ಸೊಂಟವನ್ನು ಹಿಂದುಗಡೆ ಮಾತ್ರ ಒಳಗೆ ಹಿಡಿದೆ. ಮೂರನೆಯದನ್ನು ಹಾಕಿಕೊಂಡು ಕೊಟ್ಟಿಗೆಯಲ್ಲಿ ಕೂತೆ, ಎದ್ದೆ, ಕುಕ್ಕರುಗಾಲಿನಲ್ಲಿ ಕೂತೆ. ಎಲ್ಲಿಯೂ ಹಿಡಿಯಲಿಲ್ಲ, ಎಲ್ಲಿಯೂ ಜಾರಲಿಲ್ಲ. ನಾನು ಹಸುವಿನ ಎದುರು ಅತ್ತೆ ಎಂದು ಬರೆದರೆ ನೀವು ನಗುತ್ತೀರಿ, ಅದಕ್ಕೆ ಬರೆಯುವುದಿಲ್ಲ.

ರಾಯದುರ್ಗಕ್ಕೆ ಬಂದು ಗೀಟುಗಳನ್ನು ದಪ್ಪ ರಟ್ಟಿಗೆ ಇಳಿಸಿದೆ. ಪ್ರತಿ ತುಂಡಿನ ಮೇಲೂ ಅಳತೆ ಬರೆದೆ. ಹೆಸರಿಲ್ಲದ ಉತ್ತರಪತ್ರಿಕೆಗೆ ಸೊನ್ನೆ ಕೊಡುವವಳಾದ್ದರಿಂದ ಅಭ್ಯಾಸಬಲದಿಂದ ಮೂಲೆಯಲ್ಲಿ ದುಂಡಗೆ ವನಜಾ ಎಂದೂ ಬರೆದೆ. ಜೀನ್ಸ್ ಬಟ್ಟೆಯನ್ನು ನನ್ನ ಕತ್ತರಿ ಕತ್ತರಿಸುತ್ತಿರಲಿಲ್ಲ. "ನಮ್ಮ ಹೊನ್ನೂರಪ್ಪ ಕಟಿಂಗ್ ಮಾಸ್ಟರ್ ಅದಾನಲ್ರಿ. ಮದ್ಲು ರಟ್ಟು ತೋರಿಸ್ತೀನಿ, ಬಟ್ಟಿ ಆಮ್ಯಾಲೆ ಒಯ್ಯೋಣು," ಎಂದು ಗೌರಕ್ಕ ರಟ್ಟು ಒಯ್ದರು. ಮಾಸ್ಟರು ಊಟಕ್ಕೆ ಹೋಗಿದ್ದರಂತೆ. ಮೇಜಿನ ಮೇಲಿಟ್ಟು ಬಂದರಂತೆ.

ಮುಂದೆ ಆದದ್ದಕ್ಕೆ ಯಾರನ್ನು ಬೈಯುವುದೋ ಇಂದಿಗೂ ತಿಳಿದಿಲ್ಲ. ಒಂದು ಸಂಜೆ ಕಾಲೇಜಿನಿಂದ ಬರುತ್ತಿದ್ದೆ. ಎದುರು ಮನೆಯವರು ಗೌರಕ್ಕನ ನಾದಿನಿಯನ್ನು ಕೂಗಿ ಕೇಳುತ್ತಿದ್ದರು:

"ವನಜಾ ಮುಗೀತೇನಬೇ?"

"ಎಲ್ಲಿ ಮುಗೀತೈತಿ? ವನಜಾಗ ಇನ್ನಾ ಜಿಪ್ಪು ಹಚ್ಚಿಲ್ಲ!"

"ಲಗೂ ಕಳಿಸು. ವನಜಾನ ಸೊಂಟ ಇವತ್ತೇ ಮುಗಿಸಬೇಕು."

"ಆಕೀ ಸೀಟು ನೋಡಿಯೇನು? ಅಬ್ಬಬ್ಬಾ!"

ಇನ್ನಾವಳೋ ವನಜಾ ಇರಬೇಕೆಂದು ನಾಲ್ಕು ಹೆಜ್ಜೆ ಮುಂದೆ ಹೋದೆ. ಜಗುಲಿಯ ಮೇಲೆ ನೀಲಿ ಗಂಟುಗಳ ಸಾಲು. ಒಂದೊಂದಕ್ಕೂ ಒಂದೊಂದು ಚೀಟಿ. ಚೀಟಿಯ ಮೇಲೆ ನನ್ನ ಹೆಸರು, ನನ್ನ ಹೆಸರಿನ ಕೆಳಗೆ, ನಾನು ಚಿಲಕ ಹಾಕಿ ಅಳೆದುಕೊಂಡ ಅಂಕಿಗಳು.

ಕಟಿಂಗ್ ಶೆಡ್ಡಿಗೆ ನಾನು ಹೇಗೆ ಹೋದೆನೋ ನೆನಪಿಲ್ಲ. ಹೊನ್ನೂರಪ್ಪ ಮಾಸ್ಟರು ಕಿವಿಯ ಮೇಲೆ ಸೀಮೆಸುಣ್ಣ ಇಟ್ಟುಕೊಂಡು ನಿಂತಿದ್ದರು.

"ಅದು ನನ್ನೊಬ್ಬಳಿಗೆ ಮಾಡಿದ್ದು ಕಣ್ರೀ!"

"ಒಬ್ಬರಿಗಾ?" ಅವರು ನಿಜವಾಗಿಯೂ ಬೆರಗಾದರು. "ಒಬ್ಬರಿಗೋಸ್ಕರ ಯಾರರ ರಟ್ಟು ಮಾಡ್ತಾರೇನ್ರಿ ಮೇಡಂ? ಅಳತಿ ಬರದೈತಿ, ಹೆಸರು ಬರದೈತಿ, ಅಕ್ಷರ ಮುತ್ತಿನಂಗ ಐತಿ. ನಮಗ ಕೆಲಸ ಕೊಡೋ ಸೇಠು ಬಳ್ಳಾರಿಯಿಂದ ಸ್ಯಾಂಪಲ್ ಕಳಿಸ್ಯಾರ ಅನ್ಕಂಡು ಬಟ್ಟಿ ಥಾನು ಹಾಸಿ ಕಟ್ ಮಾಡಿಬಿಟ್ಟೆ."

"ನಿಲ್ಲಿಸಿ ಅದನ್ನ!"

"ಕಟ್ಟಾದದ್ದು ಹೆಂಗ ನಿಲ್ಲಿಸ್ಲಿ? ಬಟ್ಟಿ ಹೋತು. ಈ ಅಳತಿ ಯಾರಿಗೂ ಆಗಂಗಿಲ್ಲ. ನಿಮಗೊಂದು ಇಟ್ಕಂಡು ಉಳಿದದ್ದನ್ನ ಸಂತಿಗೆ ತಳ್ಳೋದು."

ಯಾರಿಗೂ ಆಗಂಗಿಲ್ಲ! ನನ್ನ ಗುಟ್ಟನ್ನು ಬೀದಿಗೆ ಹಾಕಿದ ಮೇಲೆ ಈ ಮಾತು. ನನಗೊಂದೂ ಬೇಡ ಎಂದು ಹೇಳಿ ಬಂದೆ. ಗೌರಕ್ಕ ಬೇಡ ಬೇಡವೆಂದರೂ ಒಂದನ್ನು ತಂದಿಟ್ಟರು. ಅದನ್ನು ಮುಟ್ಟಲಿಲ್ಲ, ಹೊದಿಕೆಯ ಪ್ಯಾಂಟನ್ನು ಕೋಣೆಯೊಳಗೆ ಮಾತ್ರ ಹಾಕಿಕೊಂಡು ಓಡಾಡಿದೆ. ಬೀದಿಯಲ್ಲಿ ತಲೆ ತಗ್ಗಿಸಿ ನಡೆದೆ. ಜಿಪ್ಪಿನವರೂ ಪಟ್ಟಿಯವರೂ ಬಹಳ ಗೌರವದಿಂದ ನಮಸ್ಕಾರ ಮಾಡುತ್ತಿದ್ದರು. ಪರಿಚಯ ಅಷ್ಟು ಆಳವಾದ ಮೇಲೆ ನಮಸ್ಕಾರ ಯಾರಿಗೆ ಬೇಕು?

ಮುಂದಿನ ರಜೆಯಲ್ಲಿ ಅಮ್ಮನ ಜೊತೆ ಮಡಕಶಿರದ ಸಂತೆಗೆ ಹೋದೆ. ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿಕೊಂಡು ನೀಲಿ ಪ್ಯಾಂಟು ಮಾರುತ್ತಿದ್ದ ಒಬ್ಬ ಹೆಂಗಸಿನ ಮುಂದೆ ಗುಂಪು. ಹಗ್ಗಕ್ಕೆ ಕಟ್ಟಿದ ಸೀರೆಯ ಮರೆಯಿಂದ ಆಸ್ಪತ್ರೆಯ ನರ್ಸೊಬ್ಬಳು ಹೊರಬಂದು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹಾಗೇ ಎದ್ದು, ಹಿಂದೆ ಕೈ ಹಾಕಿ ನೋಡಿಕೊಂಡಳು. ಎಳೆದುಕೊಳ್ಳಲು ಏನೂ ಇರಲಿಲ್ಲ. "ಅಯ್ಯೋ, ಜಾರದೇ ಇಲ್ವಲ್ಲಕ್ಕ!" ಎಂದಳು. ನಾನು ಕೊಟ್ಟಿಗೆಯಲ್ಲಿ ಹೇಳಿಕೊಂಡ ಮಾತು ಅದು. ಅವಳ ಹಿಂದೆ ಕಡಲೆಕಾಯಿ ಮಿಲ್ಲಿನ ಹುಡುಗಿಯರು, ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದವರು, ನನಗಿಂತ ಕುಳ್ಳಿಯರು, ಉದ್ದದವರು.

"ಇನ್ನೊಂದಿದ್ರೆ ಕೊಡಕ್ಕ," ಎಂದು ಒಬ್ಬಳು ಗೋಗರೆದಳು.

"ಖಾಲಿ ಕಣವ್ವ. ಪ್ಯಾಂಟಿನ ಕಾಲು ಮಡಚ್ಕೊಂಡ್ರೆ ಎಲ್ಲಾರ್ಗೂ ಆಗ್ತೈತೆ ಇದು. ಎಲ್ಲಿದ್ದಳೋ ಈ ವನಜಾ, ಇಷ್ಟು ದಿನ!"

ಅಮ್ಮ ನನ್ನ ಮುಖ ನೋಡಿದರು. ನಾನು ಸೊಪ್ಪಿನ ಅಂಗಡಿಯ ಕಡೆ ನೋಡಿದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಇವರೆಲ್ಲ ನನ್ನ ಹಾಗೆಯೇ ಪರದೆಯ ಹಿಂದೆ ಒಂದು ಕಾಲಿನಲ್ಲಿ ನಿಂತು, ತಪ್ಪು ತಮ್ಮದೇ ಎಂದುಕೊಂಡು, ಉದ್ದದ ಕುರ್ತಾ ಎಳೆದುಕೊಂಡು ಮನೆಗೆ ಹೋದವರು. ಆದರೆ ಸಂತೋಷದ ಹಿಂದೆಯೇ ಸಿಟ್ಟೂ ಬಂತು. ಯಾರಿಗೂ ಇಲ್ಲದ ಮೈ ಎಂದು ನಾನು ಇಷ್ಟು ಜತನದಿಂದ ಮುಚ್ಚಿಟ್ಟುಕೊಂಡದ್ದು ಸಂತೆಗೆ ಸಂತೆಯೇ ಹೊತ್ತು ತಿರುಗುವ ಮೈ. ಮನುಷ್ಯರಿಗೆ ಒಂದು ಸ್ವಂತದ ಕೊರತೆಯೂ ಇರಬಾರದೇ?

ಆ ಹೆಂಗಸು ಮಾತು ಮುಂದುವರಿಸಿದಳು. "ಹೊಸಾ ಲಾಟು ಬತ್ತೈತಂತೆ. ಸೀಟು ಒಂಚೂರು ಕಮ್ಮಿ ಮಾಡ್ತಾರಂತೆ, ಬಟ್ಟೆ ಉಳೀತದಂತೆ."

ಮಾರನೆಯ ದಿನವೇ ಬಸ್ಸು ಹತ್ತಿದೆ. ರಾಯದುರ್ಗದ ಕೋಣೆಯಲ್ಲಿ ಗೌರಕ್ಕ ತಂದಿಟ್ಟಿದ್ದ ಪ್ಯಾಂಟು ಹಾಕಿಕೊಂಡು, ಕುರ್ತಾ ಬಿಟ್ಟು ಗಿಡ್ಡ ಅಂಗಿ ತೊಟ್ಟು, ನೇರವಾಗಿ ಕಟಿಂಗ್ ಶೆಡ್ಡಿಗೆ ನಡೆದೆ. ಮಷಿನ್ನುಗಳೆಲ್ಲ ಒಟ್ಟಿಗೇ ಓಡುತ್ತಿದ್ದವು. ಹೊನ್ನೂರಪ್ಪ ಮಾಸ್ಟರು ನನ್ನ ರಟ್ಟಿನ ಬಾಗಿನ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದರು.

"ಅದನ್ನ ಮುಟ್ಟಬೇಡಿ!"

"ಏನ್ರಿ ಮೇಡಂ? ಕೇಳ್ಸವಲ್ದು!"

ಕೂಗಿದೆ. ಸೀಟು ಎಷ್ಟು, ಸೊಂಟ ಎಷ್ಟು, ಹಿಂದಿನ ಎತ್ತರ ಎಷ್ಟು, ಅರ್ಧ ಇಂಚು ಕಡಿಮೆಯಾದರೆ ಕೂತವಳ ಗತಿ ಏನು, ಎಲ್ಲವನ್ನೂ ಒಂದೊಂದು ಅಂಕಿಯಾಗಿ, ಮೊದಲು ಕನ್ನಡದಲ್ಲಿ, ಅನುಮಾನವೇ ಬೇಡವೆಂದು ತೆಲುಗಿನಲ್ಲಿ ಕೂಗಿದೆ. ಗೌರಕ್ಕ ಬಂದು ಟೇಪು ಹಿಡಿದರು. ಎಲ್ಲರ ಎದುರೇ ಅಳೆಸಿಕೊಂಡು, ಕುಕ್ಕರುಗಾಲಿನಲ್ಲಿ ಕೂತು ತೋರಿಸಿದೆ. ಮಾಸ್ಟರು ಸೀಮೆಸುಣ್ಣದ ಗೀಟನ್ನು ಅಂಗೈಯಿಂದ ಅಳಿಸಿದರು.

"ಆತ್ರಿ, ನಿಮ್ಮ ಅಳತೀನೇ ಇರ್ಲಿ," ಎಂದರು. "ಹೆಸರು ಮಾತ್ರ ತೆಗಿಸೀನಿ. ನೀವು ಸಿಟ್ಟಾಗಿದ್ರಲ್ಲ, ಪಾಪ. ಹೊಸ ಲಾಟಿಗೆ ಬರೀ ನಂಬರು."

ಒಳ್ಳೆಯದಾಯಿತು ಎಂದೆ. ಬಾಗಿಲವರೆಗೆ ಹೋದೆ. ಮತ್ತೆ ತಿರುಗಿ ಬಂದು, ಹೆಸರು ಇದ್ದರೆ ಇರಲಿ ಬಿಡಿ, ಪರವಾಗಿಲ್ಲ, ಎಂದು ಮೆಲ್ಲಗೆ ಹೇಳಿದೆ. ಮಷಿನ್ನುಗಳ ಸದ್ದಿನಲ್ಲಿ ಅವರಿಗೆ ಅದು ಕೇಳಿಸಲಿಲ್ಲ. ಇಡೀ ಶೆಡ್ಡಿಗೆ ಸೀಟಿನ ಅಳತೆ ಕೂಗಿ ಹೇಳಿದವಳು ಇಷ್ಟು ಸಣ್ಣ ಮಾತನ್ನು ಇನ್ನೊಮ್ಮೆ ಕೂಗಬಹುದಿತ್ತು. ಆದರೆ ನನಗೂ ಸ್ವಲ್ಪ ಮಾನ ಮರ್ಯಾದೆ ಇದೆ.