ಎಂಜಿನ್ನಿನ ಗಂಟಲು ತಿಕ್ಕಿದ್ದು

ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿದವನಿಗೆ ಒಂದು ಮುದಿ ಮೋಟರ್ ಸೈಕಲ್ಲನ್ನು ಶಿಸ್ತಿಗೆ ತರುವುದು ಯಾವ ಲೆಕ್ಕ? ಕುಬಿಹಾಳದಲ್ಲಿ ನನ್ನ ಹೆಂಡತಿ ಶಾಂತವ್ವನ ತಮ್ಮನ ಮಗಳ ಕುಬಸ, ಅಂದರೆ ಸೀಮಂತ. ಗರ್ಭಿಣಿಗೆ ಮೊದಲ ಹಸಿರು ಬಳೆ ತೊಡಿಸಬೇಕಾದವಳು ಸೋದರತ್ತೆಯಾದ ಶಾಂತವ್ವ. ಮುಹೂರ್ತ ಸರಿಯಾಗಿ ಹತ್ತಕ್ಕೆ. ಆದರೆ ಇಬ್ಬರು ಕೂತರೆ ಗಾಡಿ ಏದುಸಿರು ಬಿಡುತ್ತಿತ್ತು. ಗಾಳಿ, ಪೆಟ್ರೋಲು ಎಂಜಿನ್ನಿನೊಳಗೆ ಹೋಗುವ ಕಿಂಡಿಯನ್ನು ತಿಕ್ಕಿ ಅಗಲ ಮಾಡಿದರೆ ಶಕ್ತಿ ಹೆಚ್ಚುತ್ತದೆಂದು ಮೊಬೈಲಿನಲ್ಲಿ ನೋಡಿದೆ. ತೀರ್ಮಾನವಾಯಿತು!

ಕುಂದಗೋಳದ ಅಂಗಡಿಯಿಂದ ದುಂಡನೆಯ ಅರ, ಡ್ರಿಲ್ ಮಶೀನಿಗೆ ಸಿಕ್ಕಿಸುವ ಬೆರಳುದ್ದದ ಸಾಣೆಕಲ್ಲು, ಎಂಬತ್ತು, ನೂರಿಪ್ಪತ್ತು, ನಾನೂರು ನಂಬರಿನ ಪಾಲಿಶ್ ಪೇಪರ್ ತಂದು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ.

ಬಾಜು ಮನೆಯ ಮೆಕ್ಯಾನಿಕ್ ರಾಜೇಸಾಬ ಹಣಿಕಿದ. "ಕಾಕಾ, ಎಂಬತ್ತರ ಪೇಪರ್ ಹಚ್ಚಿ ಸಾಕು ಮಾಡ್ರಿ. ಒಳಗ ಸ್ವಲ್ಪ ಖರಖರಾ ಇದ್ರನ ಛಲೋ. ಭಾಳ ಅಗಲ ಮಾಡಿದ್ರ ಗಾಡಿ ಸಾವಕಾಶ ಓಡಂಗಿಲ್ರಿ, ಬಂದ್ ಬೀಳತೈತಿ."

"ಅರ್ಧಕ್ಕ ಕೈಬಿಡೂ ಮಂದಿ ಅಲ್ಲೋ ನಾವು!"

ಮೂರು ದಿನ, ಬೆಳಿಗ್ಗೆ ಆರರಿಂದ ಎಂಟು, ವೇಳಾಪಟ್ಟಿಯಂತೆ ಕೊರೆದೆ, ತಿಕ್ಕಿದೆ. ನಾನೂರರ ಪೇಪರ್ ಸವೆದರೂ ಸಮಾಧಾನವಾಗಲಿಲ್ಲ. ಹಿತ್ತಾಳೆ ಪಾತ್ರೆ ಬೆಳಗುವ ಪುಡಿಯನ್ನೂ ಹಚ್ಚಿದೆ. ಕಿಂಡಿಯೊಳಗೆ ನನ್ನ ಮೀಸೆ ಕಂಡಿತು!

"ನನ್ನ ತಂಬಿಗಿ ಎಂದಾರ ಹಿಂಗ ತಿಕ್ಕೀರೇನ್ರಿ?" ಎಂದಳು ಶಾಂತವ್ವ.

ಕುಬಸದ ದಿನ ಬಳೆಯ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಕಿಕ್ ಹೊಡೆದೆ. ಗಾಡಿ ಗರ್ಜಿಸಿತು! ಶಾಂತವ್ವ ಹಿಂದೆ ಕೂತಳು. ಹೊರಡುವಷ್ಟರಲ್ಲಿ ಎಂಜಿನ್ ಸತ್ತಿತು. ಅವಳು ಇಳಿದಳು. ಗರ್ಜಿಸಿತು. ಕೂತಳು. ಸತ್ತಿತು. ಹೀಗೆ ನಾಲ್ಕು ಸಲ.

"ನಾ ಅಷ್ಟ ಭಾರ ಅದೀನೇನ್ರಿ?"

ಉತ್ತರಿಸುವುದು ಕ್ಷೇಮವಲ್ಲ. "ಹಿಂದಿಂದ ಒಂದೀಟು ನೂಕು. ಹೊಂಟ ಕೂಡಲೇ ಜಿಗದು ಕುಂದ್ರು" ಎಂದೆ.

ಅರವತ್ತು ದಾಟಿದವಳಿಗೆ ಕೊಡುವ ಆಜ್ಞೆಯೇ ಇದು! ಪಾಪ, ನೂಕಿದಳು. ಗಾಡಿ ಬಾಣದಂತೆ ಹಾರಿತು. "ರೀ, ನಾನ್ರೀ!" ಎಂಬ ಕೂಗು ಹಿಂದೆಯೇ ಉಳಿಯಿತು. ವೇಗ ಇಳಿಸಿದರೆ ಎಂಜಿನ್ ಸಾಯುತ್ತದೆ. ಸತ್ತರೆ ನೂಕುವವರಿಲ್ಲ. ಆದ್ದರಿಂದ ನಿಲ್ಲಿಸಲಿಲ್ಲ.

ಒಂಬತ್ತೂ ಐವತ್ತಕ್ಕೆ ಕುಬಿಹಾಳ! ಹೆಂಗಸರೆಲ್ಲ ನನ್ನ ಹಿಂದಿನ ಖಾಲಿ ಸೀಟನ್ನೇ ನೋಡಿದರು.

"ಅತ್ತಿ ಎಲ್ಲಿ ಮಾಮಾ?" ಎಂದಳು ಗರ್ಭಿಣಿ.

"ಹಸರ ಬಳಿ ಬಂದಾವವ್ವ" ಎಂದೆ.

ಹತ್ತಾಯಿತು. ಹೊತ್ತು ಮೀರುತ್ತದೆಂದು ಎದುರುಮನೆಯವರು ಬಳೆ ತೊಡಿಸಿದರು. ಶಾಂತವ್ವ ಹಾಲಿನ ಟೆಂಪೋದಿಂದ ಇಳಿದಾಗ ಹತ್ತೂ ಇಪ್ಪತ್ತು. ರೇಷ್ಮೆ ಸೀರೆಯ ತುಂಬ ಎರೆಮಣ್ಣಿನ ಧೂಳು. ಹುಡುಗಿಯ ಕೈ ನೋಡಿದಳು, ನನ್ನ ಮುಖ ನೋಡಿದಳು.

"ನೀವ ತೊಡಿಸಿಬಿಡಬೇಕಿತ್ತಲ್ರಿ!"

ನಮ್ಮ ಮನೆಯಿಂದ ವೇಳೆಗೆ ಸರಿಯಾಗಿ ಮುಟ್ಟಿದವನು ನಾನು. ಬೇಕಾಗಿದ್ದವಳು ಅವಳು!