ನಾನು ಕಲಿತ ಆಫ್ರಿಕಾದ ಭಾಷೆ

ಹುಮನಾಬಾದಿನಲ್ಲಿ ಖಾನಾವಳಿ ನಡೆಸುವವಳಿಗೆ ಭಾಷೆಯ ಗೊಂದಲ ದಿನಾ ಇದ್ದದ್ದೇ. ಒಂದು ಟೇಬಲ್ಲಿನವರು ಕನ್ನಡದಲ್ಲಿ ರೊಟ್ಟಿ ಕೇಳಿದರೆ ಪಕ್ಕದವರು ಮರಾಠಿಯಲ್ಲಿ ನೀರು ಕೇಳುತ್ತಾರೆ, ಮೂಲೆಯವರು ದಖನಿ ಉರ್ದುವಿನಲ್ಲಿ ಜಗಳ ತೆಗೆಯುತ್ತಾರೆ. ಎಲ್ಲರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಟ್ಟು ಈ ಖಾನಾವಳಿ ಕಟ್ಟಿದವಳು ನಾನು. ಆದರೆ ಈ ಸಲದ ಗೊಂದಲ ಸಮುದ್ರ ದಾಟಿ ಬಂತು.

ಶರತ್ತು

ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆವರೆಗೆ. ಓದು ನಾನೇ ಕಲಿತದ್ದು. ಅದಕ್ಕೇ ಬೆಳಗ್ಗೆ ಗಲ್ಲಾದ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಪೇಪರ್ ಓದಿ ಹೇಳುವುದೆಂದರೆ ನನಗೆ ದೊಡ್ಡ ಹೆಮ್ಮೆ. ಪಕ್ಕದ ಅಂಗಡಿಯ ಟೇಲರ್ ಹತ್ತನೇ ಪಾಸು. ಅದನ್ನು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಒಂದು ದಿನ ಅವನೇ ಸುದ್ದಿ ತಂದ.

“ಅಕ್ಕಾ, ಮುಂದಿನ ವಾರ ಆಫ್ರಿಕಾದ ಇಬ್ಬರು ಕಾಲೇಜ್ ಹುಡುಗ್ರು ಕಲ್ಯಾಣದ ಕೋಟೆ ನೋಡಾಕ ಹೊಂಟಾರ. ಊಟ ನಿಮ್ಮಲ್ಲೇ. ಯಾವ ಭಾಷಾದಾಗ ಮಾತಾಡ್ತೀರಿ?”

“ಅವರ ಭಾಷಾದಾಗೇ.”

“ಬರಲಿಲ್ಲಂದ್ರ?”

“ಪೇಪರ್ ಓದೋ ಕುರ್ಚಿ ನಿಂದು.”

ಹೇಳಿಬಿಟ್ಟ ಮೇಲೆ ಹೊಳೆಯಿತು, ಆಫ್ರಿಕಾದ ಭಾಷೆ ಯಾವುದೆಂದು ನನಗೇ ಗೊತ್ತಿಲ್ಲ.

ನಾಲ್ಕು ಮನೆತನ

ಗ್ರಂಥಾಲಯದಿಂದ ಪುಸ್ತಕ ತಂದೆ. ಆಫ್ರಿಕಾದಲ್ಲಿ ಲೆಕ್ಕವಿಲ್ಲದಷ್ಟು ಭಾಷೆಗಳಿವೆ, ಪಂಡಿತರು ಅವನ್ನು ನಾಲ್ಕು ದೊಡ್ಡ ಕುಟುಂಬ ಮಾಡಿದ್ದಾರೆ ಎಂದಿತ್ತು. ನಾಲ್ಕೇ? ನಮ್ಮ ಓಣಿಯಲ್ಲಿ ಅದಕ್ಕಿಂತ ಹೆಚ್ಚಿವೆ! ಸ್ವಾಹಿಲಿಯನ್ನು ಹಲವು ದೇಶಗಳಲ್ಲಿ ಆಡುತ್ತಾರೆಂದು ಓದಿ, ಇದೇ ಹಿರೀ ಸೊಸೆ, ಉಳಿದವರು ಇವಳ ಮಾತು ಕೇಳಲೇಬೇಕು ಎಂದುಕೊಂಡೆ. ಬನ್ನಿ ಎನ್ನಲು ‘ಕರೀಬು’, ಹೇಗಿದ್ದೀರಿ ಎನ್ನಲು ‘ಹಬಾರಿ’, ನೀರಿಗೆ ‘ಮಾಜಿ’. ಎರಡು ದಿನ ರೊಟ್ಟಿ ಬಡಿಯುವ ಹೆಂಗಸಿನ ಮುಂದೆ ಅಭ್ಯಾಸ ಮಾಡಿದೆ. ಮೂರನೇ ದಿನ ಆಕೆ ಹಿಟ್ಟಿನ ಕೈ ಝಾಡಿಸಿ ಎದ್ದಳು.

“ಬೈಯೋದಿದ್ರ ತಿಳಿಯೋ ಹಂಗ ಬೈರಿ ಅಕ್ಕಾ. ಹಿಂಗ ಬೈದ್ರ ಮನ್ಯಾಗ ಹೋಗಿ ಏನಂತ ಹೇಳ್ಲಿ?”

ಅವರು ಬಂದರು

ಬಾಗಿಲಲ್ಲಿ ಕೈಮುಗಿದು ನಿಂತು, “ಕರೀಬು! ಹಬಾರಿ?” ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕಲಿತ ಹಿಂದಿಯಲ್ಲಿ ನಾಚಿಕೊಂಡು ಹೇಳಿದ:

“ಮಾಫ್ ಕರೋ ಆಂಟೀ. ಹಮಕೋ ಕನ್ನಡ ನಹೀ ಆತಾ.”

ಟೇಲರ್ ಚಹಾ ನೆತ್ತಿಗೇರಿಸಿಕೊಂಡು ನಕ್ಕ. ಆಮೇಲೆ ತಿಳಿಯಿತು: ಅವರು ನೈಜೀರಿಯಾದವರು, ನಾನು ಕಲಿತದ್ದು ಅಲ್ಲಿಂದ ಬಹಳ ದೂರ, ಪೂರ್ವದ ಕಡೆಯ ಭಾಷೆ. ಒಬ್ಬನ ಮನೆಮಾತು ಹೌಸಾ, ಇನ್ನೊಬ್ಬನದು ಯೊರುಬಾ. ಅವೆರಡೂ ಬೇರೆ ಬೇರೆ ಕುಟುಂಬ. ಇಬ್ಬರೂ ಮಾತಾಡಿಕೊಳ್ಳುವುದು ಇಂಗ್ಲಿಷಿನಲ್ಲಿ!

ಒಂದೇ ದೇಶದವರಾಗಿ ಇದೆಂಥದು ಎಂದು ದಖನಿಯಲ್ಲಿ ಗದರಿದೆ. ಹೌಸಾ ಹುಡುಗ ಮೆಲ್ಲಗೆ ಹಿಂದಿಯಲ್ಲೇ ಕೇಳಿದ, “ಆಂಟೀ, ಬಂದಾಗಿನಿಂದ ನೀವು ಇಲ್ಲಿ ಮೂರು ಭಾಷೆ ಆಡಿದಿರಿ. ಇಂಡಿಯಾದ ಭಾಷೆ ಯಾವುದು?”

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಕುರ್ಚಿ

ಮರುದಿನ ಟೇಲರ್ ಕುರ್ಚಿಯಲ್ಲಿ ಕೂತು ಪೇಪರ್ ಅಗಲಿಸಿದ. ಎಲ್ಲರೂ ಕಾದರು. ಹಾಳೆ ತಿರುವಿ, ಮಡಚಿ, “ಇವತ್ತ ವಿಶೇಷ ಏನೂ ಇಲ್ರಿ” ಅಂದ. ಎರಡನೇ ದಿನವೂ ಏನೂ ಇಲ್ಲ. ಮೂರನೇ ದಿನ ನನಗೆ ತಡೆಯಲಿಲ್ಲ.

“ಅಷ್ಟು ದೊಡ್ಡ ಪೇಪರಿನ್ಯಾಗ ಒಂದೂ ಸುದ್ದಿ ಇಲ್ಲೇನೋ?”

ಅವನು ತಲೆ ತಗ್ಗಿಸಿದ. “ನಾ ಕಲ್ತದ್ದೆಲ್ಲಾ ಮರಾಠಿ ಶಾಲ್ಯಾಗರಿ ಅಕ್ಕಾ. ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ.”

“ಮತ್ತ ಶರತ್ತು ಯಾಕ ಕಟ್ಟಿದಿ?”

“ನೀವು ಸೋಲ್ತೀರಂತ ಯಾರಿಗೆ ಗೊತ್ತಿತ್ರಿ!”